ಫ್ಯಾನ್ ಬಂದ್ ಮಾಡ್ರಿ, ಹುಡುಗಿ ಮಾತಾಡ್ತಾಳ

"ಅಜ್ಜಾ, ಮುಗೀತು ನೋಡು" ಎಂದು ಮೊಮ್ಮಗಳು ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ನನ್ನ ತಾಟಿನ ಮುಂದೆ ನಿಲ್ಲಿಸಿದಾಗ ನಾನಿನ್ನೂ ಮೊದಲ ರೊಟ್ಟಿ ಮುರಿಯುತ್ತಿದ್ದೆ. ಏಳನೇ ತರಗತಿಯ ಪ್ರಾಜೆಕ್ಟು, ಮರಾಠಿ ವಿಷಯಕ್ಕೆ. ನಮ್ಮ ನಾಗಪುರದ ಒಂದು ಸಂಸ್ಥೆಯನ್ನು ಆರಿಸಿಕೊಂಡು, ಅದರ ಹೆಸರಿನ ಹಿಂದಿರುವ ವ್ಯಕ್ತಿಯ ಬಗ್ಗೆ ಚಿತ್ರಗಳನ್ನು ಜೋಡಿಸಿ, ಮೇಲೆ ನಿರೂಪಣೆ ಹಾಕಿ ಮೂರು ನಿಮಿಷದ ವಿಡಿಯೊ ಮಾಡಬೇಕು. ಅವಳು ಆರಿಸಿದ್ದು ವಿಶ್ವೇಶ್ವರಯ್ಯನವರ ಹೆಸರಿನ ವಿಎನ್‌ಐಟಿ. ನಮ್ಮ ಮನೆ ಇರುವುದು ಬಜಾಜ್ ನಗರದಲ್ಲಿ. ಆ ಕಾಲೇಜಿನ ಕಾಂಪೌಂಡು ಗೋಡೆಯ ಪಕ್ಕದಿಂದಲೇ ಅವಳ ಶಾಲೆಯ ವ್ಯಾನು ದಿನಾ ಹೋಗುತ್ತದೆ.

ವಿಡಿಯೊ ಶುರುವಾಯಿತು. ಮೊದಲು ಗಿಟಾರು, ಅದರ ಬೆನ್ನಿಗೆ ಡ್ರಮ್ಮು. ಮೈಸೂರು ಪೇಟದ ವಿಶ್ವೇಶ್ವರಯ್ಯನವರು ಮುಂದೆ ಬಂದರು, ಹಿಂದೆ ಸರಿದರು, ಒಂದು ಗಿರಕಿ ಹೊಡೆದು ಮಾಯವಾದರು. ಒಬ್ಬ ಹೆಂಗಸಿನ ಧ್ವನಿ ಅಪ್ಪಟ ಪುಣೆ ಮರಾಠಿಯಲ್ಲಿ, ಎಲ್ಲೂ ತಡವರಿಸದೆ, ಅವರ ಜನನ, ಓದು, ಅಣೆಕಟ್ಟು, ಭಾರತರತ್ನ ಎಲ್ಲವನ್ನೂ ಒಂದೇ ಸಮನೆ ಒಪ್ಪಿಸಿತು. ಹುಟ್ಟೂರು ಮುದ್ದೇನಹಳ್ಳಿ ಅವಳ ಬಾಯಲ್ಲಿ 'ಮುಡೆನಾಹಲಿ' ಆಯಿತು. ಪುಣೆಯ ಹತ್ತಿರದ ಖಡಕವಾಸಲಾ ಅಣೆಕಟ್ಟು ಬಂದಾಗ ನಾನು ಕನ್ನಡಕ ಸರಿಮಾಡಿಕೊಂಡೆ. ಅಣೆಕಟ್ಟಿನ ಹಿಂದೆ ಹಿಮ ಮುಚ್ಚಿದ ಪರ್ವತ ಇತ್ತು.

"ಪುಣೆದಾಗ ಹಿಮ ಯಾವಾಗ ಬಿತ್ತವ್ವಾ?"

"ಆ್ಯಪೇ ಹಾಕಿದ್ದು ಅಜ್ಜಾ."

"ಮಾತಾಡಾಕಿ ಯಾರು?"

"ಅದೂ ಆ್ಯಪಿನಾಕೀನೇ. ಮೂವತ್ತು ಧ್ವನಿ ಇರ್ತಾವ, ಬೇಕಾದ್ದು ಆರಿಸ್ಕೊಬಹುದು."

"ಮೂವತ್ತರಾಗ ನಿಂದು ಇರಲಿಲ್ಲೇನು?"

ಅವಳು ತಾಟು ನೋಡುತ್ತ ಹೇಳಿದಳು: "ನನ್ನ ಮರಾಠಿ ಕೇಳಿದ್ರ ಕ್ಲಾಸಿನ್ಯಾಗ ಎಲ್ಲಾರೂ ನಗ್ತಾರ."

ಈ ಒಂದು ಮಾತು ಇರದಿದ್ದರೆ ನಾನು ಹಿಮದ ಬಗ್ಗೆ ನಕ್ಕು ಊಟ ಮುಗಿಸಿ ಮಲಗುತ್ತಿದ್ದೆ, ಈ ಲೇಖನವೂ ಇರುತ್ತಿರಲಿಲ್ಲ.

ನಾನು ಕಲಬುರಗಿ ಜಿಲ್ಲೆಯವನು. ಮೂವತ್ತಾರು ವರ್ಷ ಆಕಾಶವಾಣಿಯ ತಾಂತ್ರಿಕ ವಿಭಾಗದಲ್ಲಿ ದುಡಿದೆ. ಕಡೆಯ ಹದಿನೆಂಟು ವರ್ಷ ನಾಗಪುರದಲ್ಲಿ. ಗಾಜಿನ ಆ ಕಡೆ ಮಾತಾಡುವವರು ಕೂರುತ್ತಿದ್ದರು, ಈ ಕಡೆ ನಾನು. ಈ ಊರಿನ 1566 ಕಿಲೋಹರ್ಟ್ಸ್ ಪ್ರೇಷಕದ ಶಕ್ತಿ 1000 ಕಿಲೋವ್ಯಾಟ್ ಇತ್ತು. ರಾತ್ರಿ ಹೊತ್ತು ಅದರ ಧ್ವನಿ ದೇಶದ ಎಷ್ಟೋ ಮೂಲೆಗಳಿಗೆ ಮುಟ್ಟುತ್ತಿತ್ತು. ಅಷ್ಟು ದೊಡ್ಡ ಯಂತ್ರದ ನೆರಳಲ್ಲಿ ಬದುಕಿದವನಿಗೆ ಯಂತ್ರದ ಮೇಲೆ ಸಿಟ್ಟು ಇರಲು ಸಾಧ್ಯವಿಲ್ಲ. ಆದರೆ ಮೈಕಿನ ಮುಂದೆ ಕೂರುವವರನ್ನು ನೋಡಿ ನೋಡಿ ಒಂದು ವಿಷಯ ನನಗೆ ಗೊತ್ತಾಗಿದೆ: ಬರೆದದ್ದನ್ನು ತಿಳಿಯದೆ ಓದುವವರು ಯಾವ ಪದದ ಹತ್ತಿರ ಸಿಕ್ಕಿಬೀಳುತ್ತಾರೆ ಎಂಬುದು ಗಾಜಿನ ಈ ಕಡೆ ಕೂತವನಿಗೆ ಮೊದಲೇ ಕಾಣುತ್ತದೆ. ಕಣ್ಣು ಓಡುತ್ತದೆ, ನಾಲಿಗೆ ನಿಲ್ಲುತ್ತದೆ. ಶಾಲೆಯ ಮಕ್ಕಳಿಗೆ ನಿರೂಪಣೆಯ ಪ್ರಾಜೆಕ್ಟು ಕೊಡುವುದರಿಂದ ಏನಾದರೂ ಲಾಭ ಇದ್ದರೆ ಅದು ಹಾಗೆ ನಾಲಿಗೆ ನಿಲ್ಲುವ ಆ ಜಾಗದಲ್ಲಿದೆ. ಆ್ಯಪಿನ ಹೆಂಗಸು ಎಲ್ಲೂ ನಿಲ್ಲುವುದಿಲ್ಲ. ಹಾಗಾಗಿ ನನ್ನ ಮೊಮ್ಮಗಳೂ ಎಲ್ಲೂ ನಿಂತಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ವಿಡಿಯೊ ಮುಗಿದಿತ್ತು. 'ವಿಎನ್‌ಐಟಿಗೆ ಆ ಹೆಸರು ಯಾವಾಗ ಬಂತು?' ಎಂದು ಕೇಳಿದರೆ ಉತ್ತರ ಇರಲಿಲ್ಲ.

ಸಲ್ಲಿಸಲು ಇನ್ನೂ ಆರು ದಿನ ಇತ್ತು. "ಇದನ್ನ ಹಾಂಗೇ ಇಡು. ಇನ್ನೊಂದು ಮಾಡೋಣು. ಯಾವುದು ಕೊಡಬೇಕು ಅಂತ ಕಡೀಗೆ ನೀನೇ ಹೇಳು" ಎಂದೆ.

ಮರುದಿನ ಸಂಜೆ ನಡೆದುಕೊಂಡೇ ಹೋದೆವು. ದಾರಿಯಲ್ಲಿ ಕಂಡವರನ್ನೆಲ್ಲ ಅವಳು ಕೇಳಿದಳು, ವಿಎನ್‌ಐಟಿ ಎಂದರೆ ಏನು ಎಂದು. ಪಾನಿಪುರಿಯವನು "ಇಂಜಿನಿಯರಿಂಗ್ ಕಾಲೇಜು" ಎಂದ. ಒಬ್ಬ ಆಟೊದವನು ಬಹಳ ಧೈರ್ಯದಿಂದ "ವಿ ಅಂದರೆ ವಿದರ್ಭ" ಎಂದ. ಪಕ್ಕದ ಆಟೊದವನೂ ತಲೆಯಾಡಿಸಿದ. ವಯಸ್ಸಾದ ಒಬ್ಬರು ಮಾತ್ರ ಅದನ್ನು ಈಗಲೂ 'ವಿಆರ್‌ಸಿಇ' ಎಂದೇ ಕರೆದರು. ಅದು ಕಾಲೇಜಿನ ಹಳೆಯ ಹೆಸರು. ನಾಗಪುರದಲ್ಲಿ 1956ರಿಂದ ನಡೆಯುತ್ತಿದ್ದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನು ಸೇರಿಸಿಕೊಂಡು 1960ರ ಜೂನ್‌ನಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅದೇ ಅಕ್ಟೋಬರ್‌ನಲ್ಲಿ ಆಡಳಿತ ಮಂಡಳಿ ಕೂತು ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಿಡಲು ನಿರ್ಧರಿಸಿತು. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದಾಗ ಅಕ್ಷರಗಳು ಬದಲಾದವು, 'ವಿ' ಉಳಿಯಿತು. ಗೇಟಿನ ಹೊರಗೆ ನಿಂತು ಅವಳು ಬೋರ್ಡಿನ ಫೋಟೊ ಹೊಡೆದಳು. ಅದರಲ್ಲಿ ಅರ್ಧ ಬಂದದ್ದು ಯಾವುದೋ ಸ್ಕೂಟರು. ಇರಲಿ, ಸ್ಕೂಟರಾದರೂ ನಾಗಪುರದ್ದು.

'ವಿ ಅಂದರೆ ವಿದರ್ಭ' ಎಂಬ ಆಟೊದವನ ಮಾತೇ ವಿಡಿಯೊದ ಮೊದಲ ವಾಕ್ಯವಾಯಿತು. ಹೇಗೆ ಶುರುಮಾಡಬೇಕು ಎಂದು ನಾನೇನೂ ಹೇಳಿಕೊಟ್ಟಿರಲಿಲ್ಲ.

ಎರಡನೇ ದಿನ ಹುಟ್ಟಿದ ವರ್ಷದ ಹತ್ತಿರ ಸಿಕ್ಕಿಕೊಂಡೆವು. ಒಂದು ಕಡೆ 1860, ಇನ್ನೊಂದು ಕಡೆ 1861. ತಾರೀಖು ಮಾತ್ರ ಎಲ್ಲ ಕಡೆ ಸೆಪ್ಟೆಂಬರ್ 15; ಅದೇ ದಿನ ದೇಶದಲ್ಲಿ ಇಂಜಿನಿಯರ್‌ಗಳ ದಿನಾಚರಣೆ. ಆ್ಯಪಿನಾಕೆಗೆ ಈ ಗೊಂದಲ ಇರಲೇ ಇಲ್ಲ, ಒಂದು ವರ್ಷ ಹೇಳಿ ಮುಂದೆ ಹೋಗಿದ್ದಳು. ಬಾಯಿಬಿಟ್ಟು ಹೇಳಬೇಕಾದವಳಿಗೆ ಹಾಗೆ ಆಗುವುದಿಲ್ಲ. ಆಗ ನನ್ನ ಹಳೆಯ ಅಂಚೆಚೀಟಿಯ ಆಲ್ಬಂ ತೆಗೆದೆ. ಅದರಲ್ಲಿ ವಿಶ್ವೇಶ್ವರಯ್ಯನವರ ಶತಮಾನೋತ್ಸವದ ಚೀಟಿ ಇದೆ; ಹೊರಬಂದದ್ದು 1960ರ ಸೆಪ್ಟೆಂಬರ್ 15ರಂದು. ನೂರು ತುಂಬಿದ್ದನ್ನು ಸರ್ಕಾರ ಆ ದಿನ ಎಣಿಸಿತೆಂದರೆ ಹುಟ್ಟು 1860 ಆಗಬೇಕಲ್ಲ! ಅವಳು ಬೆರಳೆಣಿಸಿ ಲೆಕ್ಕ ಹಾಕಿ, ಇನ್ನೊಂದನ್ನೂ ಕಂಡುಕೊಂಡಳು: ಚೀಟಿ ಸೆಪ್ಟೆಂಬರ್‌ನಲ್ಲಿ ಬಂದರೆ ನಾಗಪುರದ ಕಾಲೇಜಿಗೆ ಹೆಸರು ಬಂದದ್ದು ಮರುತಿಂಗಳು. ಆಗ ಅವರು ಬೆಂಗಳೂರಿನಲ್ಲಿ ಬದುಕಿಯೇ ಇದ್ದರು. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. "ಅಂದ್ರ ಅವರಿಗೆ ನಮ್ಮ ಕಾಲೇಜಿನ ಸುದ್ದಿ ಗೊತ್ತಿರಬಹುದು ಅಲ್ಲಾ ಅಜ್ಜಾ?" ಎಂದಳು. 'ಗೊತ್ತಿತ್ತು' ಎನ್ನಲಿಲ್ಲ, 'ಗೊತ್ತಿರಬಹುದು' ಎಂದಳು. ಆ ಅಚ್ಚುಕಟ್ಟಿಗೆ ಅವಳ ಅಜ್ಜಿ ಒಂದು ಚಕ್ಕುಲಿ ಹೆಚ್ಚಿಗೆ ಕೊಟ್ಟಳು.

ಚಿತ್ರಗಳದ್ದು ಬೇರೆಯೇ ಕಥೆ. ಮೊದಲ ವಿಡಿಯೊದಲ್ಲಿ ಅರವತ್ತಕ್ಕೂ ಹೆಚ್ಚು ಚಿತ್ರ ಇದ್ದವು, ಒಂದೊಂದೂ ಕಣ್ಣು ಪಿಳುಕಿಸುವಷ್ಟು ಹೊತ್ತು. ಎರಡನೆಯದರಲ್ಲಿ ಹದಿನಾಲ್ಕು. ಅದರಲ್ಲಿ ಐದು ಅವಳೇ ಬಿಡಿಸಿದ್ದು. ಯಾಕೆಂದರೆ ಖಡಕವಾಸಲಾದ ಬಾಗಿಲನ್ನು ತೋರಿಸುವ ಫೋಟೊ ಎಲ್ಲೂ ಸರಿಯಾಗಿ ಸಿಗಲಿಲ್ಲ. ಅಲ್ಲಿ 1903ರಲ್ಲಿ ಅವರು ಕೂಡಿಸಿದ್ದು ತಾನೇ ತೆರೆಯುವ ಬಾಗಿಲುಗಳನ್ನು: ನೀರು ಒಂದು ಮಿತಿ ದಾಟಿದರೆ ಮನುಷ್ಯರ ಕೈ ಬೇಕಿಲ್ಲದೆ ತೆರೆಯಬೇಕು, ಇಳಿದರೆ ಮುಚ್ಚಬೇಕು. ಅದಕ್ಕೆ ಪೇಟೆಂಟನ್ನೂ ಪಡೆದಿದ್ದರು. ನಾನು ಸರಪಳಿ, ಭಾರ, ತೊಟ್ಟಿ ಎಂದು ಕೈಬಾಯಿ ಮಾಡಿ ವಿವರಿಸುತ್ತಿದ್ದರೆ ಅವಳು ನಡುವೆಯೇ, "ಅಂದ್ರ ಸಂಡಾಸಿನ ಫ್ಲಶ್ ಟ್ಯಾಂಕ್ ಇದ್ದಂಗ!" ಎಂದಳು. ಮಗಳು ಅಡುಗೆಮನೆಯಿಂದ "ಛೀ" ಎಂದಳು. ನಾನು ಸ್ವಲ್ಪ ಯೋಚಿಸಿ, "ಉಲ್ಟಾ. ಅಲ್ಲಿ ತುಂಬಿದ್ರ ಬಾಯಿ ಮುಚ್ಚತದ, ಇಲ್ಲಿ ತುಂಬಿದ್ರ ತೆರೀತದ" ಎಂದೆ. 'ನಮ್ಮ ಮನೆಯ ಫ್ಲಶ್ ಟ್ಯಾಂಕಿನ ಉಲ್ಟಾ' ಎಂಬುದು ಹಾಗೆಯೇ ನಿರೂಪಣೆಗೆ ಹೋಯಿತು. ಅಣೆಕಟ್ಟಿನ ಚಿತ್ರದ ಪಕ್ಕ ಫ್ಲಶ್ ಟ್ಯಾಂಕಿನ ಚಿತ್ರ ಬರೆದಳು. ಇಂಥ ಉಪಮೆ ಯಾವ ಆ್ಯಪೂ ಕೊಡುವುದಿಲ್ಲ; ಕೊಟ್ಟರೂ ಮೈಯೆಲ್ಲ ಸಾಬೂನು ಹಾಕಿ ತೊಳೆದು ಕೊಡುತ್ತದೆ.

ರೈಲಿನ ಕಥೆಯ ಬಗ್ಗೆ ನಮ್ಮಿಬ್ಬರಿಗೆ ಜಗಳವೇ ಆಯಿತು. ಎಲ್ಲರೂ ಕೇಳಿರುತ್ತೀರಿ: ರೈಲಿನಲ್ಲಿ ಕೂತಿದ್ದ ವಿಶ್ವೇಶ್ವರಯ್ಯ ಗಾಲಿಗಳ ಸದ್ದು ಬದಲಾದದ್ದನ್ನು ಕೇಳಿಯೇ ಮುಂದೆ ಹಳಿ ಬಿರುಕು ಬಿಟ್ಟಿದೆ ಎಂದು ತಿಳಿದು ಸರಪಳಿ ಎಳೆದರು ಎಂಬುದು. ಸದ್ದಿನ ಕೆಲಸ ಮಾಡಿದವನಿಗೆ ಇದಕ್ಕಿಂತ ಇಷ್ಟದ ಕಥೆ ಇರಲಾರದು. ಆದರೆ ಇದಕ್ಕೆ ಗಟ್ಟಿ ಆಧಾರ ನನ್ನ ಕಣ್ಣಿಗೆ ಬಿದ್ದಿಲ್ಲ. ಸರ್ಕಾರಿ ಕೆಲಸಕ್ಕೊಂದು, ಸ್ವಂತಕ್ಕೊಂದು ಎಂಬ ಎರಡು ಮೇಣದಬತ್ತಿಗಳ ಕಥೆಯ ಹಾಗೆ ಇದೂ ಬಾಯಿಂದ ಬಾಯಿಗೆ ಬೆಳೆದದ್ದು. "ಬ್ಯಾಡ ಬಿಡು" ಎಂದೆ. ಅವಳು ಬಿಡಲು ತಯಾರಿರಲಿಲ್ಲ. ಕಡೆಗೆ ಒಪ್ಪಂದವಾದದ್ದು ಹೀಗೆ: ಕಥೆ ಇರಲಿ, ಆದರೆ 'ಅಸಾ ಕಿಸ್ಸಾ ಸಾಂಗತಾತ' ಎಂದು ಶುರುಮಾಡಬೇಕು. ಹೀಗೊಂದು ಕಥೆ ಹೇಳುತ್ತಾರೆ, ಅಷ್ಟೆ. ನಮ್ಮ ಅಜ್ಜಿಯರು 'ಅಂತ' ಎಂಬ ಎರಡಕ್ಷರದಲ್ಲಿ ಇದೇ ಕೆಲಸ ಮಾಡುತ್ತಿದ್ದರು. 'ಒಬ್ಬ ರಾಜ ಇದ್ದನಂತ' ಎಂದಾಗ ರಾಜನ ಜವಾಬ್ದಾರಿ ಅವರ ಮೇಲೆ ಇರುತ್ತಿರಲಿಲ್ಲ.

ಚಿತ್ರ ತೋರಿಸಿ ಕಥೆ ಹೇಳುವುದು ಮೊಬೈಲು ಹುಟ್ಟಿಸಿದ ವಿದ್ಯೆಯೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಥಿಯ ಪ್ರಸ್ತಾಪ ಇದೆ. ಆ ಕಲ್ಯಾಣ ನಮ್ಮ ಕಲಬುರಗಿಗೆ ನೆರೆಯ ಬಸವಕಲ್ಯಾಣ. ಕೊಂಕಣದ ಪಿಂಗುಳಿಯಲ್ಲಿ ಠಾಕರ ಸಮುದಾಯದವರು ಇಂದಿಗೂ ಚಿತ್ರಕಥಿಯನ್ನು ಉಳಿಸಿಕೊಂಡಿದ್ದಾರೆ. ಹಾಳೆಯ ಮೇಲಿನ ಚಿತ್ರವೊಂದನ್ನು ಎತ್ತಿ ಹಿಡಿದು, ಹಾಡಿ, ಮಾತಾಡಿ, ಅದರಲ್ಲಿರುವುದೆಲ್ಲ ಮುಗಿದ ಮೇಲೆಯೇ ಮುಂದಿನ ಹಾಳೆ ಎತ್ತುತ್ತಾರೆ. ಇನ್ನೊಂದು ಕಲ್ಯಾಣ ಮುಂಬಯಿಯ ಮಗ್ಗುಲಲ್ಲಿದೆ. ಅಲ್ಲಿನ ಮಹಾದೇವ ಗೋಪಾಳ ಪಟವರ್ಧನರು 1892ರ ಸುಮಾರಿಗೆ ಗಾಜಿನ ಮೇಲೆ ಚಿತ್ರ ಬರೆದು, ದೀಪದ ಬೆಳಕಿನಲ್ಲಿ ಪರದೆಗೆ ಹಾಯಿಸಿ, ಜೊತೆಗೆ ಕಥನ-ಸಂಗೀತ ಸೇರಿಸಿ 'ಶಾಂಬರಿಕ ಖರೋಲಿಕಾ' ಎಂಬ ಪ್ರದರ್ಶನ ನಡೆಸಿದರು; ಸಿನಿಮಾ ಇನ್ನೂ ಈ ದೇಶಕ್ಕೆ ಕಾಲಿಟ್ಟಿರಲಿಲ್ಲ. ಇವರೆಲ್ಲರಿಗೂ ಗೊತ್ತಿದ್ದ ಒಂದು ಮಾತು ನಮ್ಮ ಆ್ಯಪುಗಳಿಗೆ ಗೊತ್ತಿಲ್ಲ. ಚಿತ್ರ ಬದಲಾಗಬೇಕಾದದ್ದು ಮಾತು ಮುಂದೆ ಸರಿದಾಗ, ಗಡಿಯಾರದ ಮುಳ್ಳು ಸರಿದಾಗ ಅಲ್ಲ.

ನನ್ನ ಮಟ್ಟಿಗೆ ಚಿತ್ರ-ಧ್ವನಿಯ ಈ ನಂಟು 1975ರಲ್ಲಿ ಶುರುವಾಯಿತು. ಆ ವರ್ಷ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ನಮ್ಮ ಶಾಲೆಯ ಮಾಳಿಗೆಯ ಮೇಲೆ ಕೋಳಿ ಜಾಳಿಗೆಯಂಥ ತಂತಿಯ ದೊಡ್ಡ ಕೊಡೆ ಕೂಡಿಸಿದರು. ಹನ್ನೊಂದು ವರ್ಷದ ನನಗೆ ಚಿತ್ರಕ್ಕಿಂತ ಬೆರಗು ಹುಟ್ಟಿಸಿದ್ದು ಒಬ್ಬ ಮೆಕ್ಯಾನಿಕ್ ಹೇಳಿದ ಮಾತು: ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಏರ್ಪಾಟು ಇದರಲ್ಲಿದೆ, ಇಲ್ಲಿ ಒಂದು ಭಾಷೆ ಕೇಳಿದರೆ ಗಡಿ ಆಚೆ ಇನ್ನೊಂದು ಕೇಳಬಹುದು ಎಂದು. ಚಿತ್ರ ಎಲ್ಲರದು, ಧ್ವನಿ ನಮ್ಮದು. ಆ ದಿನವೇ ನಾನು ರೇಡಿಯೊದವನಾದೆ ಎನ್ನಬಹುದು.

ಈಗ ಧ್ವನಿಯ ಮಾತಿಗೆ ಬರುತ್ತೇನೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಪ್ರಕಾರ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಲಿಯಲೇಬೇಕು. ನನಗೆ ಅದರ ಬಗ್ಗೆ ತಕರಾರಿಲ್ಲ. ಯಾವ ನೆಲದ ಅನ್ನ ಉಣ್ಣುತ್ತೇವೋ ಆ ನೆಲದ ಮಾತು ಬರಬೇಕು. ಆದರೆ ಯಾವ ಮರಾಠಿ? ನಾಗಪುರದ ಮರಾಠಿಗೆ ಅದರದೇ ರುಚಿ ಇದೆ. ಪುಣೆಯವರು 'ಕರತ ಆಹೆ' ಎನ್ನುವಲ್ಲಿ ನಮ್ಮ ಕಿರಾಣಿ ಅಂಗಡಿಯವನು 'ಕರೂನ ರಾಯಲಾ' ಎನ್ನುತ್ತಾನೆ. ಹಿಂದಿ ಅದರೊಳಗೆ ಬೆಲ್ಲದಂತೆ ಕರಗಿದೆ. ಕಾರಣ ಚರಿತ್ರೆಯಲ್ಲಿದೆ. ಈ ಊರು ಮಧ್ಯಪ್ರಾಂತ್ಯದ ರಾಜಧಾನಿಯಾಗಿತ್ತು. ನಮ್ಮ ಕಲಬುರಗಿ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ ದಿನವೇ, 1956ರ ನವೆಂಬರ್ 1ರಂದು, ನಾಗಪುರ ಮಧ್ಯಪ್ರದೇಶ ಬಿಟ್ಟು ಮುಂಬಯಿ ರಾಜ್ಯ ಸೇರಿತು. ಒಂದೇ ದಿನ ಮನೆ ಬದಲಾಯಿಸಿದ ಎರಡು ಊರುಗಳು. ಎರಡಕ್ಕೂ 'ಶುದ್ಧ' ಭಾಷೆಯವರ ಮುಂದೆ ಸ್ವಲ್ಪ ಅಳುಕು. ಕಲಬುರಗಿಯಿಂದ ವರ್ಗವಾಗಿ ಬೆಂಗಳೂರಿಗೆ ಹೋದ ಹೊಸದರಲ್ಲಿ ನಾನು ಬಾಯಿಬಿಟ್ಟರೆ ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಮೂವತ್ತು ವರ್ಷ ಆದ ಮೇಲೆ ಅದೇ ನಗು ನನ್ನ ಮೊಮ್ಮಗಳ ಕಿವಿಯಲ್ಲಿ. ಅವಳ ಮರಾಠಿಯಲ್ಲಿ ನಾಗಪುರದ ಹಿಂದಿಯೂ ಇದೆ, ಮನೆಯ ಕನ್ನಡವೂ ಇದೆ. ವಿಶ್ವೇಶ್ವರಯ್ಯನವರ ಹಿರಿಯರೂ ಆಂಧ್ರದ ಮೋಕ್ಷಗುಂಡಂನಿಂದ ಬಂದು ಮುದ್ದೇನಹಳ್ಳಿಯಲ್ಲಿ ನೆಲೆಸಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ನೌಕರಿ ಸೇರಿದ ಆ ಹುಡುಗ ನಾಸಿಕ್, ಧುಳೆಗಳಲ್ಲಿ ಕೂಲಿಗಳ ಜೊತೆ ಮಾತಾಡಿದ ಮರಾಠಿ ಹೇಗಿತ್ತೋ! ಇದನ್ನು ಹೇಳಿದಾಗ ಅವಳು ಮೊದಲ ಬಾರಿ ನಕ್ಕಳು.

ರೆಕಾರ್ಡಿಂಗು ನಾಲ್ಕನೇ ರಾತ್ರಿ. ಗಣಪತಿಯ ದಿನಗಳು, ಚೌಕದಲ್ಲಿ ಢೋಲ್-ತಾಶಾ. ಅದು ನಿಲ್ಲುವುದು ಹತ್ತು ಗಂಟೆಗೆ ಎಂದು ಕಾದೆವು. ನಾನು ಹೇಳಿದ್ದು ಬಹಳ ಇಲ್ಲ. ಫ್ಯಾನು ಬಂದ್. ಫ್ರಿಜ್ಜಿನ ಸ್ವಿಚ್ಚು ಅರ್ಧ ಗಂಟೆ ಬಂದ್, ಆಮೇಲೆ ಹಾಕಲು ಮರೆಯಬಾರದು (ನಾವು ಮರೆತೆವು, ಹಾಲು ಒಡೆಯಿತು). ಖಾಲಿ ಕೋಣೆಯಲ್ಲಿ ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ, ಆದ್ದರಿಂದ ಬಟ್ಟೆಯ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂರು, ಹಿಂದೆ ಒಂದು ಕೌದಿ ನೇತುಹಾಕು. ಫೋನು ಬಾಯಿಯ ಎದುರಿಗೆ ಬೇಡ, ಒಂದು ಗೇಣು ದೂರ, ಸ್ವಲ್ಪ ಓರೆಗೆ. ಇಲ್ಲದಿದ್ದರೆ 'ಪ' 'ಫ' ಹೇಳುವಾಗ ಉಸಿರು ಬಡಿದು ಡಬ್ ಎನ್ನುತ್ತದೆ. ಹಾಳೆಯನ್ನು ಕೈಯಲ್ಲಿ ಹಿಡಿಯಬೇಡ, ಸರಬರ ಎನ್ನುತ್ತದೆ, ಗೋಡೆಗೆ ಅಂಟಿಸು. ಮೂರು ನಿಮಿಷಕ್ಕೆ ಮುನ್ನೂರು ಪದ ಸಾಕು. ಮಾತು ಶುರುಮಾಡುವ ಮುಂಚೆ ಹತ್ತು ಸೆಕೆಂಡು ಕೋಣೆಯ ಮೌನವನ್ನಷ್ಟೇ ಹಿಡಿದುಕೋ, ಆಮೇಲೆ ತೇಪೆ ಹಾಕಲು ಬೇಕಾಗುತ್ತದೆ. "ಮೌನಾನೂ ರೆಕಾರ್ಡ್ ಮಾಡಬೇಕಾ?" ಎಂದಳು. ಹೌದವ್ವಾ, ಒಂದು ಕೋಣೆಯ ಮೌನದ ಹಾಗೆ ಇನ್ನೊಂದು ಕೋಣೆಯದು ಇರುವುದಿಲ್ಲ.

ಒಂಬತ್ತು ಸಲ ಓದಿದಳು. ನಾಲ್ಕನೆಯ ಸಲ 'ಅಭಿಯಂತಾ' ಎಂಬ ಪದದಲ್ಲಿ ಎಡವಿ ಅಳುವಂತಾದಳು. ಏಳನೆಯ ಸಲ ಹಾಳೆ ನೋಡದೆ ಹೇಳಿದಳು. ಎಂಟನೆಯದರಲ್ಲಿ ಎಲ್ಲವೂ ಸರಿ ಇತ್ತು, ಪಕ್ಕದ ಮನೆಯ ಕುಕ್ಕರಿನ ಸೀಟಿ ಒಂದನ್ನು ಬಿಟ್ಟು. ಒಂಬತ್ತನೆಯದು ಶುದ್ಧವಾಗಿತ್ತು, ಆದರೆ ಜೀವ ಇರಲಿಲ್ಲ, ದಣಿದಿದ್ದಳು. ಎಂಟನೆಯದನ್ನೇ ಇಟ್ಟುಕೊಂಡೆವು. ಯಾರ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬೇಳೆ ಬೇಯುತ್ತದೋ ನನಗಂತೂ ಗೊತ್ತಾಗಲಿಲ್ಲ.

ಉಸಿರನ್ನು ಕತ್ತರಿಸೋಣ ಎಂದು ಅವಳು ಕೇಳಿದಳು, ಆ್ಯಪಿನಲ್ಲಿ ಅದಕ್ಕೊಂದು ಗುಂಡಿ ಇದೆ. ನಾನು ಬೇಡ ಎಂದೆ. ನಮ್ಮ ಕಾಲದಲ್ಲಿ ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ಅರ್ಧ ಸೆಕೆಂಡಿನ ಉಸಿರೆಂದರೆ ನಾಲ್ಕಿಂಚಿಗೆ ಸ್ವಲ್ಪ ಕಡಿಮೆ ಟೇಪು. ಹೊಸದಾಗಿ ಸೇರಿದಾಗ ಒಬ್ಬ ಭಾಷಣಕಾರರ ಉಸಿರುಗಳನ್ನೆಲ್ಲ ಬ್ಲೇಡಿನಿಂದ ಕೊಯ್ದು, ಅಂಟಿಸಿ, ಬಹಳ ಹೆಮ್ಮೆಯಿಂದ ನನ್ನ ಹಿರಿಯರಿಗೆ ಕೇಳಿಸಿದ್ದೆ. ಅವರು ಎರಡು ನಿಮಿಷ ಕೇಳಿ ತಮ್ಮ ಎದೆ ಹಿಡಿದುಕೊಂಡರು. "ಕೇಳೋ ನನಗೇ ಉಸಿರು ಕಟ್ಟಾಕತ್ತದ, ಕಸದಬುಟ್ಟಿಯಿಂದ ಆ ತುಂಡುಗಳನ್ನ ಹೆಕ್ಕಿ ತಿರುಗಿ ಹಚ್ಚು" ಎಂದರು. ನೆಲದ ಮೇಲೆ ಬಿದ್ದಿದ್ದ ಕಂದು ಬಣ್ಣದ ಆ ನಾಲ್ಕಿಂಚಿನ ಚೂರುಗಳಲ್ಲಿ ಯಾವ ಉಸಿರು ಎಲ್ಲಿಯದು ಎಂದು ಗುರುತಿಸಲು ಇಡೀ ಸಂಜೆ ಹಿಡಿಯಿತು.

ಯಾವ ವಿಡಿಯೊ ಕೊಡಬೇಕು ಎಂದು ಕಡೆಗೆ ಅವಳೇ ಹೇಳಿದಳು. ಎರಡನೆಯದನ್ನು ಕೊಟ್ಟಳು. ಅಂಕ ಬಂತು: ಇಪ್ಪತ್ತಕ್ಕೆ ಹದಿನಾರು. ಷರಾ: ಹಿನ್ನೆಲೆಯಲ್ಲಿ ಗದ್ದಲ ಇದೆ, ಚಿತ್ರಗಳು ಕಡಿಮೆ. ಹಿಮದ ಖಡಕವಾಸಲಾದಂಥದ್ದನ್ನು ಕೊಟ್ಟ ಮಕ್ಕಳಿಗೆ ಹತ್ತೊಂಬತ್ತು, ಇಪ್ಪತ್ತು.

ಪಾಲಕರ ಸಭೆಗೆ ನಾನೇ ಹೋದೆ. ಜಗಳಕ್ಕೆ ಎಂದೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಟೀಚರಿಗೆ ಮೂವತ್ತು ವಯಸ್ಸಿರಬಹುದು. "ಆಜೋಬಾ, ಒಂದು ವರ್ಗದಲ್ಲಿ ನಲವತ್ತೆರಡು ಮಕ್ಕಳು, ನನಗೆ ಮೂರು ವರ್ಗ. ಒಂದೊಂದು ಮೂರು ನಿಮಿಷ. ಅಷ್ಟನ್ನೂ ಮನೆಯಲ್ಲಿ ರಾತ್ರಿ ಮೊಬೈಲಿನಲ್ಲಿ ನೋಡಬೇಕು" ಎಂದರು. ಮನಸ್ಸಿನಲ್ಲೇ ಗುಣಿಸಿದೆ, ಆರು ಗಂಟೆ ದಾಟುತ್ತದೆ. ಸಿಟ್ಟು ಅರ್ಧ ಇಳಿಯಿತು. ಅವರೇ ಮುಂದುವರಿದು ಹೇಳಿದರು: "ಹತ್ತು ವಿಡಿಯೊ ಆಗುವಷ್ಟರಲ್ಲಿ ಒಬ್ಬಳೇ ಹೆಂಗಸು ನನಗೆ ಎಲ್ಲ ಮಕ್ಕಳ ಬಗ್ಗೆ ಚಾಡಿ ಹೇಳುತ್ತಿದ್ದಾಳೆ ಅನ್ನಿಸಿತು. ನಿಮ್ಮ ಹುಡುಗಿಯದು ಬಂದಾಗ ಎದ್ದು ಕೂತೆ. ಫ್ಲಶ್ ಟ್ಯಾಂಕಿಗೆ ನಕ್ಕೆ." ಹಾಗಾದರೆ ಹದಿನಾರು ಯಾಕೆ ಎಂದೆ. ಅವರು ಅಂಕದ ಹಾಳೆ ತೋರಿಸಿದರು. ಸ್ವಚ್ಛತೆಗೆ ಐದು, ಚಿತ್ರಗಳಿಗೆ ಐದು, ಮಾಹಿತಿಗೆ ಐದು, ಪ್ರಸ್ತುತಿಗೆ ಐದು. ಯಾರ ಧ್ವನಿ ಎಂದು ಕೇಳುವ ಸಾಲು ಅದರಲ್ಲಿ ಇರಲಿಲ್ಲ. ಅದನ್ನು ಮಾಡಿದ್ದು ಅವರಲ್ಲ, ಮೇಲಿನಿಂದ ಬಂದದ್ದು.

ನನ್ನ ತಕರಾರು ಆ ಹಾಳೆಯ ಮೇಲೆ. ಶಾಲೆಗಳು ನಿರೂಪಣೆಯ ವಿಡಿಯೊ ಕೇಳುವುದಾದರೆ ಮಗುವಿನ ಸ್ವಂತ ಧ್ವನಿಗೆ ಅರ್ಧ ಅಂಕ ಇಡಲಿ, ಉಚ್ಚಾರ ಯಾವ ಜಿಲ್ಲೆಯದಾದರೂ ಸರಿ. ಚಿತ್ರದಲ್ಲಿ ಕೆಲವಾದರೂ ಅವರೇ ತೆಗೆದದ್ದು, ಬಿಡಿಸಿದ್ದು ಇರಲಿ. ಉಳಿದವು ಎಲ್ಲಿಂದ ಬಂದವು ಎಂದು ಕೊನೆಗೆ ಬಾಯಲ್ಲೇ ಹೇಳಲಿ. ಬೇರೆಯವರ ಫೋಟೊ ಬಳಸಿದರೆ ಹೆಸರು ಹೇಳಬೇಕೆಂಬ ಸಂಸ್ಕಾರ ಏಳನೇ ತರಗತಿಯಲ್ಲಿ ಬರದಿದ್ದರೆ ಆಮೇಲೆ ಬರುವುದು ಕಷ್ಟ. ಮೂರು ನಿಮಿಷ ಯಾಕೆ, ತೊಂಬತ್ತು ಸೆಕೆಂಡು ಸಾಕು; ಟೀಚರಿಗೆ ಮೂರು ಗಂಟೆ ಉಳಿಯುತ್ತದೆ.

ಇನ್ನೂ ಮುಖ್ಯವಾದದ್ದು, ಇದನ್ನು ಮನೆಗೆ ಕಳಿಸಬಾರದು. ನಮ್ಮ ಚೌಕದ ಝೆರಾಕ್ಸ್ ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಶಾಲೆಯ ವಿಡಿಯೊ ಮಾಡಿಕೊಡುತ್ತಾರೆ. ಹೆಸರು, ರೋಲ್ ನಂಬರು ಕೊಟ್ಟರೆ ಸಾಕು. ಅಂಗಡಿಯವನನ್ನು ಬೈಯುವುದಿಲ್ಲ, ಅವನಿಗೂ ಹೊಟ್ಟೆ ಇದೆ. ಆದರೆ ನಮ್ಮ ಮನೆಗೆಲಸಕ್ಕೆ ಬರುವ ಬಾಯಿಯ ಮಗ ಕಾರ್ಪೊರೇಷನ್ ಶಾಲೆಯಲ್ಲಿ ಓದುತ್ತಾನೆ. ಮನೆಯಲ್ಲಿ ಇರುವ ಒಂದೇ ಫೋನು ಅಪ್ಪನ ಜೊತೆ ರಾತ್ರಿ ಹತ್ತಕ್ಕೆ ಬರುತ್ತದೆ, ಬೆಳಿಗ್ಗೆ ಆರಕ್ಕೆ ಹೋಗುತ್ತದೆ. ಅವನಿಗೆ ನನ್ನಂಥ ಬಿಡುವಿನ ಅಜ್ಜನೂ ಇಲ್ಲ, ಕಪಾಟೂ ಇಲ್ಲ. ಶಾಲೆಯಲ್ಲೇ ಗ್ರಂಥಾಲಯದ ಮೂಲೆಗೆ ಎರಡು ಕೌದಿ ಕಟ್ಟಿ, ಒಂದು ಫೋನಿಟ್ಟು, ಇಬ್ಬಿಬ್ಬರಂತೆ ಕೂರಿಸಿದರೆ ಆಯಿತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ನನ್ನ ಹಾಗೆ ಈ ಕಡೆ ಕೂತು ಕೇಳಲಿ. ಇದಕ್ಕೆ ಸ್ಟುಡಿಯೊ ಬೇಕಿಲ್ಲ, ಸ್ಮಾರ್ಟ್ ಬೋರ್ಡು ಬೇಕಿಲ್ಲ.

ಆ್ಯಪಿನ ಧ್ವನಿಯೇ ಬೇಡ ಎಂದೂ ಅಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮಗನಿಗೆ ಮಾತು ಬರುವುದಿಲ್ಲ. ಅವನು ಟೈಪು ಮಾಡಿದ್ದನ್ನು ಯಂತ್ರ ಗಟ್ಟಿಯಾಗಿ ಓದಿದ ದಿನ ಆ ಮನೆಯಲ್ಲಿ ಹಬ್ಬ ಮಾಡಿದ್ದರು, ನಾನೂ ಹೋಳಿಗೆ ತಿಂದು ಬಂದಿದ್ದೇನೆ. ಅವನಿಗೆ ಅದು ಧ್ವನಿ. ನನ್ನ ಮೊಮ್ಮಗಳಿಗೆ ಅದು ಮುಸುಕು. ಎರಡೂ ಒಂದೇ ಗುಂಡಿಯಿಂದ ಬರುತ್ತವೆ ಎಂದ ಮಾತ್ರಕ್ಕೆ ಎರಡೂ ಒಂದಾಗುವುದಿಲ್ಲ.

ವಿಡಿಯೊವನ್ನು ಕಲಬುರಗಿಯ ನನ್ನ ತಮ್ಮನಿಗೆ ಕಳಿಸಿದ್ದೆ. ಅವನಿಗೆ ಮರಾಠಿ ಅಷ್ಟಕ್ಕಷ್ಟೇ. ಫೋನು ಮಾಡಿ ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆ ಹುಡುಗಿ 'ನಾಗಪುರ' ಅನ್ನೋದು ಥೇಟ್ ನಮ್ಮವ್ವ ಅಂದಂಗ ಅದ ಅಲ್ಲೋ" ಎಂದ. ಅವ್ವ ನಾಗಪುರಕ್ಕೆ ಬಂದದ್ದು ಒಂದೇ ಸಲ, ನನ್ನ ಮಗಳ ಬಾಣಂತನಕ್ಕೆ.

ಮುಂದಿನ ಪ್ರಾಜೆಕ್ಟು ಬಂದಿದೆ, ಈ ಸಲ ಭೂಗೋಳಕ್ಕೆ. ವಿಷಯ ಸಂತ್ರಾ, 2014ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮೂರ ಕಿತ್ತಳೆ. ಅಂಬಿಯಾ ಹಂಗಾಮಿನ ಹಣ್ಣು ಬರತೊಡಗಿದೆ, ಕಳಮನಾ ಮಾರ್ಕೆಟ್ಟಿನಲ್ಲಿ ರಾಶಿ ಬೀಳುತ್ತಿದೆ. ಹಣ್ಣಿನ ಫೋಟೊ ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ ಎಂದು ಅವಳ ಅಮ್ಮ ಹೇಳಿದಳು. ಇವಳು ನನ್ನ ಕಡೆ ತಿರುಗಿ, "ಅಜ್ಜಾ, ಹರಾಜು ಎಷ್ಟು ಗಂಟೆಗೆ ಶುರು ಆಗ್ತದ? ಫೋಟೊ ಆಮ್ಯಾಲೆ ನೋಡೋಣು. ಮೊದಲ ಅವರು ಕೂಗೋ ಆವಾಜು ಹಿಡೀಬೇಕು" ಎಂದಳು.

ಅಲಾರಾಂ ಇಟ್ಟಿದ್ದೇನೆ.